ಕರಡು ಬರೆಯದೆ ಬಿಟ್ಟ ವ್ಯಾಕರಣ: ವೆಬ್ ಎಸ್‌ಕ್ಯೂಎಲ್ ವಿವಾದದ ಮರುಪರಿಶೀಲನೆ

ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ 1992ರ ಸಭೆಯಲ್ಲಿ ಡೇವಿಡ್ ಕ್ಲಾರ್ಕ್ ಮತದಾನವನ್ನು ತಳ್ಳಿಹಾಕಿ, ಸ್ಥೂಲ ಒಮ್ಮತಕ್ಕೂ ಓಡುವ ಕೋಡ್‌ಗೂ ಮನ್ನಣೆ ಕೊಟ್ಟರು. ಬ್ರೌಸರ್ ಮಾನಕಗಳ ಚರ್ಚೆಯನ್ನೂ ವೆಬ್ ಡೆವಲಪರ್‌ಗಳು ಈ ಸೂತ್ರದಿಂದಲೇ ಅಳೆಯುವುದು ರೂಢಿ: ಎಷ್ಟು ಬ್ರೌಸರ್‌ಗಳಲ್ಲಿ ಓಡುತ್ತಿದೆಯೋ ಪ್ರಸ್ತಾವಕ್ಕೆ ಅಷ್ಟು ಭವಿಷ್ಯ. ಈ ಅಳತೆ ಬ್ರೌಸರ್‌ಗೆ ಸಾಲದು ಎಂಬುದು ನನ್ನ ವಾದ.

ಬ್ರೌಸರ್ ಒಳಗೇ ವೆಬ್ ಪುಟಗಳಿಗೆ ಎಸ್‌ಕ್ಯೂಎಲ್ ಡೇಟಾಬೇಸ್ ಒದಗಿಸುವ ಪ್ರಸ್ತಾವ ವೆಬ್ ಎಸ್‌ಕ್ಯೂಎಲ್. ಸಫಾರಿ, ಕ್ರೋಮ್, ಒಪೆರಾ ಅದನ್ನು ಅಳವಡಿಸಿಕೊಂಡವು. ಫೈರ್‌ಫಾಕ್ಸ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ದೂರ ಉಳಿದವು. 2010ರ ನವೆಂಬರ್‌ನಲ್ಲಿ ವೆಬ್ ಮಾನಕ ಸಂಸ್ಥೆ ಡಬ್ಲ್ಯುತ್ರೀಸಿ ಕರಡನ್ನು ಕೈಬಿಟ್ಟಿತು. ಅಳವಡಿಸಿದವರೆಲ್ಲ ಎಸ್‌ಕ್ಯೂಲೈಟ್ ಎಂಬ ಒಂದೇ ಡೇಟಾಬೇಸ್ ಲೈಬ್ರರಿ ಬಳಸಿದ್ದಾರೆ, ಸ್ವತಂತ್ರ ಅನುಷ್ಠಾನಗಳಿಲ್ಲ ಎಂಬುದು ಅದು ಕೊಟ್ಟ ಕಾರಣ.

ಈ ಸೋಲನ್ನು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಹಟದ ಫಲವೆಂದು ಓದುವವರಿದ್ದಾರೆ. ಆದರೆ 2008ರ ಫೈರ್‌ಫಾಕ್ಸ್ 3 ತನ್ನ ಬುಕ್‌ಮಾರ್ಕ್, ಹಿಸ್ಟರಿಗಳನ್ನು ಎಸ್‌ಕ್ಯೂಲೈಟ್‌ನಲ್ಲೇ ಇಡುತ್ತಿತ್ತು. ಲೈಬ್ರರಿ ಮನೆಯಲ್ಲೇ ಇತ್ತು. ತಕರಾರಿನ ಮೂಲ ಕರಡಿನ ಒಂದು ವಾಕ್ಯದಲ್ಲಿದೆ: ಎಸ್‌ಕ್ಯೂಲೈಟ್ 3.6.19 ಯಾವ ಎಸ್‌ಕ್ಯೂಎಲ್ ಒಪ್ಪುತ್ತದೋ ಅದನ್ನೇ ಬ್ರೌಸರ್‌ಗಳೂ ಒಪ್ಪಬೇಕು ಎಂದು ಅದು ವಿಧಿಸಿತ್ತು. ಭಾಷೆಯ ವ್ಯಾಕರಣವನ್ನು ಅದು ಎಲ್ಲೂ ಬರೆದಿರಲಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಪೂರ್ಣಾಂಕದ ಕಾಲಂ ಎಂದು ಘೋಷಿಸಿದ ಕಡೆ 'ಮೈಸೂರು' ಎಂದು ಸೇರಿಸಿದರೂ ಎಸ್‌ಕ್ಯೂಲೈಟ್ ಅದನ್ನು ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ದೋಷವೆಂದು ತಿರಸ್ಕರಿಸುತ್ತದೆ. ಹೊಸದಾಗಿ ಎಂಜಿನ್ ಬರೆಯಲು ಹೊರಟವರು ಯಾವುದನ್ನು ಅನುಸರಿಸಬೇಕು? ಕರಡು ಓದಿದರೆ ಉತ್ತರ ಸಿಗದು, ಎಸ್‌ಕ್ಯೂಲೈಟ್ ಓಡಿಸಿ ನೋಡಬೇಕು. ಹಾಗಾಗಿ ಎರಡನೆಯ ಅನುಷ್ಠಾನ ಇಲ್ಲದ್ದು ಸೋಲಿನ ಕಾರಣಕ್ಕಿಂತ, ಬಹುಶಃ, ಈ ಕೊರತೆಯ ಫಲ. 'ಬಹುಶಃ' ಎಂದು ಬೇಕೆಂದೇ ಬರೆದಿದ್ದೇನೆ: ಮೊಜಿಲ್ಲಾ ಒಪ್ಪಿದ್ದರೆ ಒಂದೇ ಲೈಬ್ರರಿಯ ಮೇಲೆ ಮಾನಕ ನಿಂತುಬಿಡುತ್ತಿತ್ತು ಎಂಬ ಸಾಧ್ಯತೆಯನ್ನು ಅಲ್ಲಗಳೆಯಲಾರೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಎಚ್‌ಟಿಎಂಎಲ್ ಪಾರ್ಸಿಂಗ್ ಕೂಡ ವರ್ಷಗಟ್ಟಲೆ ಅಲಿಖಿತವಾಗಿಯೇ ಇತ್ತಲ್ಲ, ಬ್ರೌಸರ್ ತಯಾರಕರ ಗುಂಪಾದ ವಾಟ್‌ವಿಜಿ ಅದನ್ನು ಆಮೇಲೆ ಬರೆದು ಮುಗಿಸಲಿಲ್ಲವೇ? ಮುಗಿಸಿತು. ಅಲ್ಲಿ ಹೋಲಿಸಿ ನೋಡಲು ಭಿನ್ನವಾಗಿ ವರ್ತಿಸುವ ಹಲವು ಎಂಜಿನ್‌ಗಳಿದ್ದವು. ಯಾವುದು ಒಪ್ಪಂದ, ಯಾವುದು ಒಬ್ಬರ ಅಭ್ಯಾಸ ಎಂದು ಬೇರ್ಪಡಿಸಬಹುದಿತ್ತು. ಇಲ್ಲಿ ಹೋಲಿಕೆಗೆ ಎರಡನೆಯದೇ ಇರಲಿಲ್ಲ. ಈ ಒಂಟಿತನಕ್ಕೆ ಭದ್ರತೆಯ ಮುಖವೂ ಇದೆ: 2018ರಲ್ಲಿ ಬಯಲಾದ ಮ್ಯಾಗೆಲಾನ್ ಎಂಬ ಎಸ್‌ಕ್ಯೂಲೈಟ್ ದೋಷಗಳು ವೆಬ್ ಎಸ್‌ಕ್ಯೂಎಲ್ ಮೂಲಕ ಕ್ರೋಮನ್ನು ತಟ್ಟಿದವು. ಒಂದೇ ಲೈಬ್ರರಿಯನ್ನು ನೇರವಾಗಿ ಪುಟಗಳಿಗೆ ತೆರೆದಿಟ್ಟದ್ದರ ಬೆಲೆ ಅದು.

ಆದ್ದರಿಂದ ಹೊಸ ಪ್ರಸ್ತಾವ ಬಂದಾಗ ಬ್ರೌಸರ್‌ಗಳ ಹೆಸರು ಎಣಿಸುವುದಕ್ಕೆ ಮೊದಲು ಕರಡನ್ನು ತೆರೆದು, ಇದನ್ನಷ್ಟೇ ಓದಿ ಬೇರೆ ತಂಡ ಎಂಜಿನ್ ಬರೆಯಬಲ್ಲದೇ ಎಂದು ಕೇಳುವುದು ಒಳ್ಳೆಯದು. ಎಣಿಕೆ ಈಗ ಮತ್ತಷ್ಟು ಮೋಸಗೊಳಿಸುತ್ತದೆ. ಕ್ರೋಮ್, ಎಡ್ಜ್, ಒಪೆರಾ ಮೂರರ ಒಳಗೂ ಇರುವುದು ಬ್ಲಿಂಕ್ ಎಂಬ ಒಂದೇ ಎಂಜಿನ್.

ಈ ಪರೀಕ್ಷೆಗೆ ನಿಲುಕದ ವಿವಾದಗಳೂ ಇವೆ. ಪುಟಗಳಿಗೆ ಯುಎಸ್‌ಬಿ ಸಾಧನಗಳನ್ನು ತಲುಪಲು ಬಿಡುವ ವೆಬ್‌ಯುಎಸ್‌ಬಿಯನ್ನು ಮೊಜಿಲ್ಲಾ ವಿರೋಧಿಸಿದ್ದು ಬಳಕೆದಾರರ ಸುರಕ್ಷತೆಯ ಪ್ರಶ್ನೆಯಿಂದ. ಕರಡಿನ ಪೂರ್ಣತೆ ಅಲ್ಲಿ ಮುಖ್ಯ ವಿಷಯವಲ್ಲ. ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ಬಳಕೆದಾರ ಒಪ್ಪಿದ್ದನ್ನು ಎಷ್ಟರ ಮಟ್ಟಿಗೆ ಸಮ್ಮತಿಯೆಂದು ಎಣಿಸಬೇಕು ಎಂಬುದಕ್ಕೆ ಬೇರೆಯದೇ ಅಧ್ಯಯನ ಬೇಕು.