ಕನ್ನಡ ಕಥನಸಾಹಿತ್ಯದಲ್ಲಿ ಸ್ತ್ರೀಯ ಬಂಧನ ಮತ್ತು ಬಿಡುಗಡೆ: ಸ್ಥಳದ ನೆಲೆ

ಮನೆ, ಬೀದಿ, ಪೂಜಾಸ್ಥಳ ಮೊದಲಾದವನ್ನು ಕಥೆಯ ಬರಿಯ ಹಿನ್ನೆಲೆಯೆಂದು ಬಗೆಯದೆ, ಯಾರು ಎಲ್ಲಿ ಯಾವಾಗ ಇರಬಹುದೆಂಬ ಕಟ್ಟಳೆಗಳ ಮೂಲಕ ಸಮಾಜವೇ ಅವನ್ನು ನಿರ್ಮಿಸುತ್ತದೆಂದು ಕಾಣುವ ಚಿಂತನೆಗೆ ಸ್ಥಳಸಿದ್ಧಾಂತವೆಂದು ಹೆಸರು. ಫ್ರಾನ್ಸಿನ ಆನ್ರಿ ಲಫೆವ್ರ್ 1974ರಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು. ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞೆ ಡೋರೀನ್ ಮ್ಯಾಸಿ 1994ರ ಕೃತಿಯಲ್ಲಿ ಲಿಂಗಭೇದದ ಪ್ರಶ್ನೆಯನ್ನು ಇದಕ್ಕೆ ಜೋಡಿಸಿದರು. ಈ ನೆಲೆಯಿಂದ ನೋಡಿದರೆ, ಹೊಸ್ತಿಲೊಳಗೆ ಬಂಧನ, ಹೊಸ್ತಿಲಾಚೆ ಬಿಡುಗಡೆ ಎಂಬ ಸುಲಭ ಸೂತ್ರಕ್ಕೆ ಕನ್ನಡದ ಮುಖ್ಯ ಕೃತಿಗಳು ಒಗ್ಗುವುದಿಲ್ಲ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಈ ಸೂತ್ರಕ್ಕೆ ಬಹುಮಟ್ಟಿಗೆ ಹೊಂದುವ ಕಾದಂಬರಿ. ಆದರೂ ತವರನ್ನು ತೊರೆದ ಬಾಲವಿಧವೆ ಸೇರುವುದು ಸುಧಾರಕನೊಬ್ಬನ ಮನೆಯನ್ನೇ. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಆ ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದ್ದರಿಂದ, ವೈಧವ್ಯ ಕಟ್ಟಿಹಾಕಿದ ಮನೆಯೇ ಬರವಣಿಗೆಯ ಮತ್ತು ಪ್ರಕಾಶನದ ಕೇಂದ್ರವಾಯಿತು. ತ್ರಿವೇಣಿಯವರ ‘ಶರಪಂಜರ’ದಲ್ಲಿ ಮಾನಸಿಕ ಚಿಕಿತ್ಸೆ ಪಡೆದು ಮರಳುವ ಕಾವೇರಿಗೆ ಆಸ್ಪತ್ರೆಗಿಂತ ಮನೆಯೇ ಹೆಚ್ಚು ಕಠಿಣವಾಗುತ್ತದೆ.

ನಿಜವಾದ ತಿರುವು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಕೇಶಮುಂಡನ, ಕೆಂಪು ಸೀರೆ, ಒಪ್ಪೊತ್ತಿನ ಊಟಗಳಿಗೆ ಒಳಪಟ್ಟ ಮಡಿ ಹೆಂಗಸು ಕೆಳಜಾತಿಯ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಹೋಗಿ, ತನ್ನ ತೆಳುವಾದ ಕೈಯಿಂದ ಮಗುವನ್ನು ಹೊರತೆಗೆಯುತ್ತಾಳೆ. ಮೈಲಿಗೆಯ ನೆಲೆಯೆಂದು ಎಲ್ಲರೂ ದೂರವಿಡುವ ಬಾಣಂತಿಕೋಣೆಯಲ್ಲಿ ಕಟ್ಟಳೆ ಸಡಿಲವಾಗುತ್ತದೆಯೇ ಹೊರತು ಬೀದಿಯಲ್ಲಲ್ಲ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಅದನ್ನು ತಲಾಖ್ ಸಮಸ್ಯೆಯ ಕಾದಂಬರಿಯೆಂದಷ್ಟೇ ಪರಿಚಯಿಸುವುದು ರೂಢಿ. ಸ್ಥಳದ ದೃಷ್ಟಿಯಿಂದ ಓದಿದರೆ ಅದರ ರಚನೆ ಬೇರೆಯಾಗಿ ಕಾಣುತ್ತದೆ. ತಂದೆಯ ಹಟದಿಂದ ಗಂಡನಿಂದಲೂ ಮಗುವಿನಿಂದಲೂ ಬೇರ್ಪಟ್ಟ ನಾದಿರಾ, ಗಂಡನನ್ನು ಮರಳಿ ಪಡೆಯಲು ಪರಪುರುಷನನ್ನು ಒಂದು ರಾತ್ರಿಯ ಮಟ್ಟಿಗೆ ವರಿಸಬೇಕಾಗಿ ಬಂದಾಗ ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ. ಗಂಡಸರ ಅಧೀನದಲ್ಲಿರುವ ಆವರಣವನ್ನು ಅವಳು ಪ್ರವೇಶಿಸುವುದು ಸಾಯಲೆಂದು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಾದರೋ ಗಂಡ ಕೈಬಿಟ್ಟ ಹೆಂಗಸು ಹೆಣ್ಣುಮಕ್ಕಳೊಡನೆ ಮಸೀದಿಯ ಅಂಗಳದಲ್ಲಿ ನ್ಯಾಯ ಕೇಳುತ್ತ ಕೂರುತ್ತಾಳೆ. ಈ ಎರಡರ ನಡುವಿನ ಅಂತರವನ್ನು ವಿಮರ್ಶೆ ಇನ್ನಷ್ಟು ಗಮನಿಸಬೇಕಾಗಿದೆ.

ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕುರಿತು, ಕಥೆಯನ್ನೂ ಅದರ ಚಿತ್ರರೂಪವನ್ನೂ ಒಂದೇ ಎಂದು ಬಗೆಯುವ ಗೊಂದಲವುಂಟು. ಮೂಲಕಥೆಯಲ್ಲಿ ಹೆಂಗಸರನ್ನು ಹೊರಕ್ಕೆ ಸೆಳೆಯುವುದು ಊರಿಗೆ ಬಂದ ಚಿತ್ರಮಂದಿರ. ಗಿರೀಶ ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವ ಡಿಶ್ ಆಂಟೆನಾದ ಟಿವಿ, ಅಂದರೆ ನೆರೆಯವರು ಮತ್ತೊಂದು ಮನೆಯೊಳಗೇ ನೆರೆಯುತ್ತಾರೆ.