ಹೆಸರು ಮತ್ತು ನ್ಯಾಯಪೀಠ: ಅಮೆರಿಕದ ಅಂತರ್ಯುದ್ಧದ ಅನಂತರದ ಒಂದು ವಾಗ್ವಾದ

ಯುದ್ಧ ಮುಗಿದ ಮೇಲೆ ಗೆದ್ದವರು ಸೋತವರನ್ನು ದಂಡಿಸುವುದು ಇತಿಹಾಸಕ್ಕೆ ಹೊಸತಲ್ಲ. ಯುದ್ಧದಲ್ಲಿ ನಡೆದ ಸಾವಿರಾರು ಕೊಲೆಗಳಲ್ಲಿ ಯಾವುದು ಯುದ್ಧ, ಯಾವುದು ಅಪರಾಧ ಎಂದು ವಿಂಗಡಿಸಿ, ಅಪರಾಧಕ್ಕೆ ಮಾತ್ರ ವಿಚಾರಣೆ ನಡೆಸುವ ಪ್ರಯತ್ನ ಬೇರೆ ಬಗೆಯದು. ಈ ವಿಂಗಡಣೆಯ ತೊಡಕನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ವ್ಯಾಸಭಾರತದ ಸೌಪ್ತಿಕ ಪರ್ವದಲ್ಲಿ ನಿದ್ರಿಸುತ್ತಿದ್ದವರನ್ನು ಕೊಂದ ಅಶ್ವತ್ಥಾಮನ ಕೃತ್ಯವು ಹದಿನೆಂಟು ದಿನಗಳ ಉಳಿದ ಕೊಲೆಗಳಿಗಿಂತ ಬೇರೆಯದೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅವನನ್ನು ಏನು ಮಾಡಬೇಕೆಂಬುದರಲ್ಲಿ ಮಾತ್ರ ಸಂಶಯ. ಮಕ್ಕಳನ್ನು ಕಳೆದುಕೊಂಡ ದ್ರೌಪದಿ ದಂಡನೆಯನ್ನು ಬೇಡುತ್ತಾಳೆ. ಕಡೆಗೆ ಶಿರೋಮಣಿಯನ್ನು ಕಿತ್ತುಕೊಂಡು ಪ್ರಾಣವನ್ನು ಉಳಿಸುತ್ತಾರೆ. ದಾಯಾದಿಗಳ ಯುದ್ಧದಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಸೋತವನು ಗಡಿಯಾಚೆ ಹೋಗುವುದಿಲ್ಲ; ಅದೇ ನೆಲದಲ್ಲಿ, ನಾಳೆ ಅದೇ ಸಭೆಯಲ್ಲಿ ಕೂಡಬೇಕಾದವನು.

೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದ ಅನಂತರ ಎದ್ದ ವಾಗ್ವಾದವನ್ನು ನಾವು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ನ್ಯೂರೆಂಬರ್ಗಿಗೆ ಎಂಬತ್ತು ವರ್ಷ ಮೊದಲು ನಡೆದ ಈ ಚರ್ಚೆಯನ್ನು ಸಾಮಾನ್ಯವಾಗಿ ಕ್ಷಮೆ ಮತ್ತು ಪ್ರತೀಕಾರಗಳ ನಡುವಣ ಹೋರಾಟವೆಂದು ವಿವರಿಸುವುದುಂಟು. ಆ ವಿವರಣೆ ಅರ್ಧಸತ್ಯ. ಆ ಯುದ್ಧವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆಯೇ ಯಾರನ್ನು ಯಾವ ಪೀಠದ ಮುಂದೆ ನಿಲ್ಲಿಸಬೇಕು, ಯಾರನ್ನು ನಿಲ್ಲಿಸಲಾಗದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿತು ಎಂಬುದು ನಮ್ಮ ಅಭಿಪ್ರಾಯ.

ಉತ್ತರದವರ ಅಧಿಕೃತ ಬಳಕೆಯಲ್ಲಿ ಅದು 'ದಂಗೆ'. ಸರಕಾರವು ಮುಂದೆ ಸಂಪುಟ ಸಂಪುಟವಾಗಿ ಪ್ರಕಟಿಸಿದ ಯುದ್ಧದಾಖಲೆಗಳ ಹೆಸರೂ 'ದಂಗೆಯ ಯುದ್ಧ' ಎಂದೇ. ದಕ್ಷಿಣದವರಿಗೆ ಅದು 'ರಾಜ್ಯಗಳ ನಡುವಣ ಯುದ್ಧ'. ದಂಗೆಯಾದರೆ ಸೋತವರು ದೇಶದ್ರೋಹಿಗಳು; ಅವರ ವಿಚಾರಣೆ ನಡೆಯಬೇಕಾದದ್ದು ಸಾಮಾನ್ಯ ನ್ಯಾಯಾಲಯದಲ್ಲಿ, ಜ್ಯೂರಿಯ ಮುಂದೆ. ಎರಡು ಪಕ್ಷಗಳ ಯುದ್ಧವಾದರೆ ಶಸ್ತ್ರ ಹಿಡಿದದ್ದು ಅಪರಾಧವಲ್ಲ. ಶಸ್ತ್ರ ಹಿಡಿದವನು ಯುದ್ಧನಿಯಮವನ್ನು ಮುರಿದನೇ ಎಂಬುದಷ್ಟೇ ಪ್ರಶ್ನೆ, ಅದನ್ನು ಕೇಳುವುದು ಸೇನಾ ಪೀಠ. ಲಿಂಕನ್ನರ ಸರಕಾರ ಎರಡನ್ನೂ ಒಟ್ಟಿಗೆ ಹಿಡಿಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಅದು ಯುದ್ಧದ ಹಕ್ಕನ್ನು ಚಲಾಯಿಸಿತು. ದಕ್ಷಿಣದವರು ಬೇರೆ ರಾಷ್ಟ್ರವೆಂದು ಮಾತ್ರ ಒಪ್ಪಲಿಲ್ಲ. ೧೮೬೩ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೌಕಾಸ್ವಾಧೀನದ ಮೊಕದ್ದಮೆಗಳಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಈ ಇಬ್ಬಂದಿಯ ನಿಲುವನ್ನು ಎತ್ತಿಹಿಡಿಯಿತು.

ಅದೇ ವರ್ಷದ ಏಪ್ರಿಲಿನಲ್ಲಿ ಹೊರಟ ೧೦೦ನೆಯ ಸಂಖ್ಯೆಯ ಸಾಮಾನ್ಯ ಆಜ್ಞೆ, ಎಂದರೆ ಲೀಬರ್ ಸಂಹಿತೆ, ಈ ಇಬ್ಬಂದಿತನಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟಿತು. ಅದನ್ನು ರಚಿಸಿದ ಫ್ರಾನ್ಸಿಸ್ ಲೀಬರ್ ಬರ್ಲಿನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ವಿದ್ವಾಂಸ. ಎರಡು ದಶಕಗಳ ಕಾಲ ದಕ್ಷಿಣ ಕೆರೊಲಿನಾದಲ್ಲಿ ಅಧ್ಯಾಪಕನಾಗಿದ್ದು, ಅಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನೂ ಹೌದು. ಅವನ ಇಬ್ಬರು ಮಕ್ಕಳು ಉತ್ತರದ ಸೇನೆಯಲ್ಲಿದ್ದರು. ಹಿರಿಯ ಮಗ ದಕ್ಷಿಣದ ಪರವಾಗಿ ಹೋರಾಡಿ ೧೮೬೨ರಲ್ಲಿ ಮಡಿದ. ದಾಯಾದಿ ಯುದ್ಧದ ಸಂಹಿತೆಯನ್ನು ಬರೆಯಲು ಇದಕ್ಕಿಂತ ಕಠಿಣವಾದ ಅರ್ಹತೆ ಬೇಕಿರಲಿಲ್ಲ. ಒಟ್ಟು ೧೫೭ ವಿಧಿಗಳ ಈ ಸಂಹಿತೆಯಲ್ಲಿ ನಮ್ಮ ಚರ್ಚೆಗೆ ನಾಲ್ಕು ಮುಖ್ಯ. ಯುದ್ಧಕೈದಿಯನ್ನು ಅನ್ನವಿಲ್ಲದೆ, ಕ್ರೂರ ಬಂಧನದಲ್ಲಿಟ್ಟು ಸೇಡು ತೀರಿಸಿಕೊಳ್ಳಕೂಡದೆಂದು ೫೬ನೆಯ ವಿಧಿ ಹೇಳುತ್ತದೆ. ರಾಷ್ಟ್ರಗಳ ಕಾನೂನು ಮೈಬಣ್ಣದ ಭೇದವನ್ನು ಅರಿಯದು, ಸೆರೆಸಿಕ್ಕ ಸೈನಿಕನನ್ನು ಗುಲಾಮನನ್ನಾಗಿ ಮಾರಿದರೆ ಅತಿ ಕಠಿಣ ಪ್ರತೀಕಾರ ತಪ್ಪದು ಎಂಬುದು ೫೮ನೆಯದು. ಸೆರೆಯಾದ ಮಾತ್ರಕ್ಕೆ ಹಿಂದಿನ ಅಪರಾಧಗಳ ಹೊಣೆ ಕಳೆಯದೆಂದು ೫೯ನೆಯದು. ಇನ್ನು ೧೫೪ನೆಯದು, ದಂಗೆಕೋರರನ್ನು ರಣರಂಗದಲ್ಲಿ ಯುದ್ಧನಿಯಮದಂತೆ ನಡೆಸಿಕೊಂಡರೂ ಅನಂತರ ಅವರ ನಾಯಕರನ್ನು ದೇಶದ್ರೋಹಕ್ಕಾಗಿ ವಿಚಾರಿಸಲು ಅಡ್ಡಿಯಿಲ್ಲವೆನ್ನುತ್ತದೆ. ಸಾರ್ವತ್ರಿಕ ಕ್ಷಮಾದಾನವಾಗಿದ್ದರೆ ಮಾತ್ರ ಆ ಮಾತಿಲ್ಲ. ಶಾಸ್ತ್ರದಲ್ಲಿ ಎರಡು ಬಾಗಿಲುಗಳೂ ತೆರೆದಿದ್ದವು.

೧೮೬೫ರ ಬೇಸಗೆಯಲ್ಲಿ ಜನರ ಕಣ್ಣ ಮುಂದಿದ್ದುದು ಶಾಸ್ತ್ರವಲ್ಲ, ಆಂಡರ್ಸನ್‌ವಿಲ್. ಜಾರ್ಜಿಯಾ ರಾಜ್ಯದ ಈ ಬಯಲು ಸೆರೆಮನೆ ೧೮೬೪ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲು ಹದಿನಾರೂವರೆ ಎಕರೆ ಇದ್ದುದನ್ನು ಆಮೇಲೆ ಇಪ್ಪತ್ತಾರೂವರೆ ಎಕರೆಗೆ ಹಿಗ್ಗಿಸಿದರು. ಆ ವರ್ಷದ ಆಗಸ್ಟಿನಲ್ಲಿ ಅಷ್ಟರೊಳಗೆ ಮೂವತ್ತೆರಡು ಸಾವಿರಕ್ಕೂ ಮಿಕ್ಕಿದ ಕೈದಿಗಳು ಸೂರಿಲ್ಲದೆ ಬಿದ್ದಿದ್ದರು. ಕುಡಿಯುವ ನೀರಿನ ತೊರೆಯೇ ಮಲಮೂತ್ರದ ಕಾಲುವೆಯೂ ಆಗಿತ್ತು. ಒಳಬೇಲಿಯ ಗೆರೆಯನ್ನು ದಾಟಿದವರನ್ನು ಕಾವಲುಗಾರರು ಗುಂಡಿಟ್ಟು ಕೊಲ್ಲುತ್ತಿದ್ದರು. ಅಲ್ಲಿಗೆ ಬಂದ ಸುಮಾರು ೪೫,೦೦೦ ಮಂದಿಯಲ್ಲಿ ಹೆಚ್ಚು ಕಡಿಮೆ ೧೩,೦೦೦ ಮಂದಿ ಸತ್ತರು. ಬಿಡುಗಡೆಯಾಗಿ ಬಂದ ಎಲುಬಿನ ಹಂದರಗಳಂಥ ಕೈದಿಗಳ ಛಾಯಾಚಿತ್ರಗಳನ್ನು ಆಧರಿಸಿದ ಚಿತ್ರಗಳು ಯುದ್ಧ ಮುಗಿಯುವ ಮೊದಲೇ ಹಾರ್ಪರ್ಸ್ ವೀಕ್ಲಿಯಂತಹ ಪತ್ರಿಕೆಗಳಲ್ಲಿ ಬಂದಿದ್ದವು. ಅವು ರಿಚ್‌ಮಂಡಿನ ಬೆಲ್ ಐಲ್ ಸೆರೆಯಿಂದ ಬಂದವರವು. ಓದುಗರ ಮನಸ್ಸಿನಲ್ಲಿ ಎಲ್ಲ ಸೆರೆಮನೆಗಳೂ ಆಂಡರ್ಸನ್‌ವಿಲ್ ಆದವು.

ಸೆರೆಮನೆಗಳ ಮೇಲಧಿಕಾರಿಯಾಗಿದ್ದ ಜನರಲ್ ಜಾನ್ ವಿಂಡರ್ ೧೮೬೫ರ ಫೆಬ್ರವರಿಯಲ್ಲಿಯೇ ತೀರಿಕೊಂಡಿದ್ದನು. ಕೈಗೆ ಸಿಕ್ಕಿದವನು ಕ್ಯಾಪ್ಟನ್ ಹೆನ್ರಿ ವಿರ್ಟ್ಸ್. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದವನು, ಇಂಗ್ಲಿಷನ್ನು ಪರಕೀಯ ಉಚ್ಚಾರದಿಂದ ಆಡುತ್ತಿದ್ದವನು, ಗಾಯಗೊಂಡ ಬಲಗೈಯವನು. ವಾಷಿಂಗ್ಟನ್ನಿನ ಸಂಸದ್ಭವನದಲ್ಲಿಯೇ ಆಗಸ್ಟ್ ೨೩ರಂದು ಸೇನಾ ಆಯೋಗದ ಮುಂದೆ ವಿಚಾರಣೆ ಮೊದಲಾಯಿತು. ಅಧ್ಯಕ್ಷ ಪೀಠದಲ್ಲಿದ್ದವನು ಜನರಲ್ ಲೂ ವಾಲೆಸ್. ಮುಂದೆ 'ಬೆನ್ ಹರ್' ಕಾದಂಬರಿಯನ್ನು ಬರೆದವನು ಇವನೇ. ಸುಮಾರು ನೂರ ಅರುವತ್ತು ಸಾಕ್ಷಿಗಳು ನುಡಿದರು. ಆರೋಪಿ ಕಾಯಿಲೆಯಿಂದ ಸೋಫಾದ ಮೇಲೆ ಮಲಗಿಯೇ ಅವರನ್ನು ಕೇಳಿಸಿಕೊಳ್ಳುತ್ತಿದ್ದನು.

ದೋಷಾರೋಪ ಪತ್ರದ ಕಥೆ ನಮಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ. ಮೊದಲನೆಯ ಕರಡಿನಲ್ಲಿ ವಿರ್ಟ್ಸನ ಜೊತೆಗೆ ಒಳಸಂಚಿನಲ್ಲಿ ಭಾಗಿಗಳೆಂದು ಜನರಲ್ ಲೀ, ದಕ್ಷಿಣದ ಯುದ್ಧ ಕಾರ್ಯದರ್ಶಿ ಸೆಡನ್ ಮೊದಲಾದವರ ಹೆಸರುಗಳಿದ್ದವು. ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್ ಅದನ್ನು ಹಿಂತೆಗೆಸಿ ದೊಡ್ಡ ಹೆಸರುಗಳಿಲ್ಲದ ಹೊಸ ಪತ್ರವನ್ನು ಸಿದ್ಧಪಡಿಸಿಸಿದನು. ಆದರೆ ತೀರ್ಪನ್ನು ಬರೆಯುವಾಗ ಆಯೋಗವು ಜೆಫರ್ಸನ್ ಡೇವಿಸನನ್ನೂ ಸೇರಿಸಿ ಹಲವರ ಹೆಸರುಗಳನ್ನು ಮತ್ತೆ ಒಳಗೆ ತಂದಿತು. ಎಂದರೆ, ಎದುರಿಗಿಲ್ಲದವರ ಮೇಲೆ ಕಳಂಕ ಉಳಿಯಿತು, ಎದುರಿಗಿದ್ದವನ ಮೇಲೆ ದಂಡ ಬಿತ್ತು. ಕೊಲೆಯ ಆರೋಪಗಳಲ್ಲಿ ಸತ್ತವನ ಹೆಸರಿನ ಸ್ಥಾನದಲ್ಲಿ 'ಹೆಸರು ತಿಳಿಯದು' ಎಂದೇ ಮತ್ತೆ ಮತ್ತೆ ಬರೆದಿದೆ. ಮೇಲಧಿಕಾರಿಯ ಆಜ್ಞೆಯನ್ನು ಪಾಲಿಸಿದೆನೆಂದೂ, ಜಾನ್‌ಸ್ಟನ್ನನ ಶರಣಾಗತಿಯ ಷರತ್ತುಗಳು ತನಗೂ ಅನ್ವಯಿಸುತ್ತವೆಂದೂ ವಿರ್ಟ್ಸ್ ವಾದಿಸಿದನು, ಎರಡೂ ನಿಲ್ಲಲಿಲ್ಲ. ನವೆಂಬರ್ ೧೦ರಂದು ಅವನನ್ನು ಗಲ್ಲಿಗೇರಿಸಿದರು. ಸರಕಾರಿ ಪಕ್ಷದ ಒಬ್ಬ ಪ್ರಮುಖ ಸಾಕ್ಷಿ ಸುಳ್ಳು ಹೆಸರಿನಲ್ಲಿ ಬಂದಿದ್ದ ಸೇನೆ ಬಿಟ್ಟು ಓಡಿದವನೆಂದು ಆಮೇಲೆ ಬಯಲಾಯಿತು. ಇಷ್ಟರಿಂದ ವಿರ್ಟ್ಸ್ ನಿರ್ದೋಷಿಯೆಂದು ವಾದಿಸುವವರ ಮಾತನ್ನು ನಾವು ಒಪ್ಪಲಾರೆವು. ಹದಿಮೂರು ಸಾವಿರ ಸಾವುಗಳ ಭಾರವನ್ನು ಒಬ್ಬ ಕ್ಯಾಪ್ಟನ್ನನ ಕೊರಳಿಗೆ ಕಟ್ಟಿದ್ದು ನ್ಯಾಯದ ಅನುಕೂಲವೇ ಹೊರತು ನ್ಯಾಯವಲ್ಲವೆಂಬುದನ್ನು ಮಾತ್ರ ಒಪ್ಪಬೇಕಾಗುತ್ತದೆ. ಸಾಲಿಸ್‌ಬರಿ ಸೆರೆಮನೆಯ ಅಧಿಕಾರಿ ಮೇಜರ್ ಜಾನ್ ಗೀ ಮರುವರ್ಷ ಇಂಥದೇ ಪೀಠದ ಮುಂದೆ ನಿಂತು ಬಿಡುಗಡೆ ಹೊಂದಿದನು.

ಡೇವಿಸನ ಮಾತು ಬಂದಾಗ ಚರ್ಚೆ ಸೇನಾ ಪೀಠದಿಂದ ಸಂವಿಧಾನಕ್ಕೆ ಜಿಗಿಯಿತು. ಲಿಂಕನ್ನರ ಹತ್ಯೆಯಲ್ಲಿ ಅವನ ಕೈವಾಡವಿದೆಯೆಂದು ಸರಕಾರ ಒಂದು ಲಕ್ಷ ಡಾಲರ್ ಬಹುಮಾನವನ್ನು ಸಾರಿತ್ತು. ದಕ್ಷಿಣದ ಕಡತಗಳನ್ನು ಶೋಧಿಸುವ ಕೆಲಸ ಲೀಬರನಿಗೇ ಬಿತ್ತು. ಸಾಕಷ್ಟು ಪುರಾವೆ ಸಿಗಲಿಲ್ಲ. ಉಳಿದದ್ದು ದೇಶದ್ರೋಹದ ಆರೋಪ. ಸಂವಿಧಾನದ ಪ್ರಕಾರ ಅಪರಾಧ ನಡೆದ ರಾಜ್ಯದಲ್ಲಿಯೇ, ಎಂದರೆ ವರ್ಜೀನಿಯದಲ್ಲಿಯೇ, ಜ್ಯೂರಿಯ ಮುಂದೆ ವಿಚಾರಣೆಯಾಗಬೇಕು. ಆ ಜ್ಯೂರಿಯಲ್ಲಿ ಒಬ್ಬನು ಒಪ್ಪದಿದ್ದರೂ, ನಾಲ್ಕು ವರ್ಷ ರಣರಂಗದಲ್ಲಿ ಸೋತ ಪ್ರತ್ಯೇಕತೆಯ ವಾದ ನ್ಯಾಯಾಲಯದಲ್ಲಿ ಗೆದ್ದಂತಾಗುತ್ತಿತ್ತು. ೧೮೬೬ರ ಮಿಲಿಗನ್ ಮೊಕದ್ದಮೆಯಲ್ಲಿ, ಸಾಮಾನ್ಯ ನ್ಯಾಯಾಲಯಗಳು ನಡೆಯುತ್ತಿರುವಲ್ಲಿ ನಾಗರಿಕರನ್ನು ಸೇನಾ ಆಯೋಗದ ಮುಂದೆ ನಿಲ್ಲಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದರಿಂದ ಆ ಅಡ್ಡದಾರಿಯೂ ಇಕ್ಕಟ್ಟಾಯಿತು. ಎರಡು ವರ್ಷ ಮನ್ರೋ ಕೋಟೆಯಲ್ಲಿ ಕಳೆದ ಮೇಲೆ ೧೮೬೭ರ ಮೇ ತಿಂಗಳಲ್ಲಿ ಡೇವಿಸನಿಗೆ ಜಾಮೀನು ದೊರೆಯಿತು.

ಜಾಮೀನಿಗೆ ಸಹಿ ಹಾಕಿದವರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನಿನ ಸಂಪಾದಕ ಹೊರೇಸ್ ಗ್ರೀಲಿಯೂ ಒಬ್ಬನು. ಗುಲಾಮಗಿರಿಯ ಆಜನ್ಮ ವಿರೋಧಿಯಾದ ಈತನ ಸಹಿ ಉತ್ತರದಲ್ಲಿ ಕೋಲಾಹಲವೆಬ್ಬಿಸಿತು; ಅವನ ಯುದ್ಧೇತಿಹಾಸದ ಪುಸ್ತಕವನ್ನು ಕೊಳ್ಳಲೊಪ್ಪಿದ್ದ ಚಂದಾದಾರರು ಹಿಂದೆಗೆದರು. ಆಂಡರ್ಸನ್‌ವಿಲ್ಲಿನಲ್ಲಿ ಕೈದಿಯಾಗಿದ್ದು, ಸತ್ತವರ ಪಟ್ಟಿಯನ್ನು ಗುಟ್ಟಾಗಿ ನಕಲು ಮಾಡಿಟ್ಟುಕೊಂಡಿದ್ದ ಡೊರೆನ್ಸ್ ಅಟ್‌ವಾಟರ್ ಎಂಬ ಯುವಕನ ಪಟ್ಟಿಯನ್ನು ೧೮೬೬ರಲ್ಲಿ ಅಚ್ಚು ಮಾಡಿದ್ದು ಇದೇ ಟ್ರಿಬ್ಯೂನ್ ಸಂಸ್ಥೆ. ಸತ್ತವರಿಗೆ ಹೆಸರು ಕೊಟ್ಟ ಮುದ್ರಣಾಲಯದ ಸಂಪಾದಕನೇ ಹೊಣೆಗಾರನೆನಿಸಿದವನಿಗೆ ಜಾಮೀನು ಕೊಟ್ಟನು. ಇದನ್ನು ದ್ವಂದ್ವವೆಂದು ಹಲವರು ಹಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ: ವಿಚಾರಣೆಯಿಲ್ಲದೆ ಎರಡು ವರ್ಷ ಸೆರೆಯಲ್ಲಿಡುವುದನ್ನೂ ಅವನು ಅನ್ಯಾಯವೆಂದೇ ಎಣಿಸಿದನು. ೧೮೬೮ರ ಕ್ರಿಸ್‌ಮಸ್ಸಿನಂದು ಅಧ್ಯಕ್ಷ ಜಾನ್‌ಸನ್ ಸಾರ್ವತ್ರಿಕ ಕ್ಷಮಾದಾನವನ್ನು ಸಾರಿದನು; ಮರುವರ್ಷ ಮೊಕದ್ದಮೆ ವಜಾ ಆಯಿತು. ಲೀಬರನ ೧೫೪ನೆಯ ವಿಧಿಯ ಅಪವಾದವೇ ನಿಯಮವಾಯಿತು. ಲೀಯ ಮೇಲೂ ೧೮೬೫ರಲ್ಲಿ ದೇಶದ್ರೋಹದ ದೋಷಾರೋಪವಾಗಿತ್ತು. ಶರಣಾಗತಿಯಲ್ಲಿ ಕೊಟ್ಟ ಮಾತು ಮುರಿಯಕೂಡದೆಂದು ಗ್ರಾಂಟ್ ಪಟ್ಟು ಹಿಡಿದುದರಿಂದ ಅದು ಮುಂದುವರಿಯಲಿಲ್ಲ.

ಚರ್ಚೆಯ ಎರಡು ಬದಿಗಳಲ್ಲೂ ಬಹುಮಟ್ಟಿಗೆ ಕಾಣೆಯಾದವರು ಕಪ್ಪು ಸೈನಿಕರು. ೧೮೬೪ರ ಏಪ್ರಿಲ್ ೧೨ರಂದು ಟೆನೆಸಿಯ ಫೋರ್ಟ್ ಪಿಲ್ಲೊದಲ್ಲಿ ಜನರಲ್ ಫಾರೆಸ್ಟನ ಪಡೆ ಕೋಟೆಯನ್ನು ಹಿಡಿದಾಗ, ಶರಣಾಗಲೆತ್ನಿಸಿದ ಅನೇಕರನ್ನು ಕೊಂದಿತು. ಕೋಟೆಯೊಳಗಿದ್ದ ಸುಮಾರು ಆರುನೂರು ಜನರಲ್ಲಿ ಅರ್ಧದಷ್ಟು ಕಪ್ಪು ಸೈನಿಕರು. ಸತ್ತವರಲ್ಲಿ ಹೆಚ್ಚಿನವರು ಅವರೇ. ಸಂಸತ್ತಿನ ಜಂಟಿ ಸಮಿತಿ ವಿಚಾರಣೆ ನಡೆಸಿ ವರದಿ ಪ್ರಕಟಿಸಿತು. ಲಿಂಕನ್ ತಮ್ಮ ಮಂತ್ರಿಗಳಿಂದ ಲಿಖಿತ ಅಭಿಪ್ರಾಯಗಳನ್ನು ಕೇಳಿದರು. ಹೊಣೆಗಾರರು ಸಿಕ್ಕಿದರೆ ದಂಡಿಸಬೇಕೆಂದು ಕೆಲವರು ಬರೆದರು. ಅಷ್ಟಕ್ಕೆ ನಿಂತಿತು. ಯುದ್ಧಾನಂತರ ಆ ಹತ್ಯೆಗಾಗಿ ಯಾರನ್ನೂ ಪೀಠದ ಮುಂದೆ ತರಲಿಲ್ಲ. ೧೮೬೮ರಲ್ಲಿ ಫಾರೆಸ್ಟನಿಗೆ ಅಧ್ಯಕ್ಷರ ಕ್ಷಮಾಪತ್ರ ಸಿಕ್ಕಿತು. ಲೀಬರ್ ಸಂಹಿತೆಯ ಸ್ಪಷ್ಟ ಉಲ್ಲಂಘನೆ ಯಾವುದೆಂದು ಕೇಳಿದರೆ ನಾವು ಆಂಡರ್ಸನ್‌ವಿಲ್ಲಿಗಿಂತ ಮೊದಲು ಇದನ್ನು ಹೇಳುತ್ತೇವೆ. ಅಲ್ಲಿ ಕ್ಷಾಮ, ರೋಗ, ಅವ್ಯವಸ್ಥೆಗಳ ನೆಪವಾದರೂ ಇತ್ತು.

ಈ ಎರಡು ಪ್ರಕರಣಗಳು ಬೇರೆ ಬೇರೆಯೂ ಅಲ್ಲ. ೧೮೬೨ರಿಂದ ಎರಡು ಪಕ್ಷಗಳ ನಡುವೆ ಕೈದಿಗಳ ವಿನಿಮಯದ ಒಪ್ಪಂದವಿತ್ತು. ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಒಪ್ಪಲು ದಕ್ಷಿಣದವರು ನಿರಾಕರಿಸಿದ್ದರಿಂದ ೧೮೬೩ರಲ್ಲಿ ಅದು ಕುಸಿಯಿತು. ಬಿಡಿಸಿಕೊಂಡ ದಕ್ಷಿಣದ ಕೈದಿ ಮತ್ತೆ ಯುದ್ಧಕ್ಕೆ ಬರುತ್ತಾನೆಂಬ ಗ್ರಾಂಟನ ಲೆಕ್ಕಾಚಾರವೂ ಮರುವರ್ಷ ಅದಕ್ಕೆ ಸೇರಿತು. ವಿನಿಮಯ ನಿಂತದ್ದರಿಂದ ಆಂಡರ್ಸನ್‌ವಿಲ್ ತುಂಬಿತು. ಹೀಗಾಗಿ ಅಲ್ಲಿ ಸತ್ತ ಬಿಳಿಯರ ಪ್ರಶ್ನೆಯನ್ನು ಕಪ್ಪು ಸೈನಿಕರ ಪ್ರಶ್ನೆಯಿಂದ ಬಿಡಿಸಿ ನೋಡುವುದು ಅಸಾಧ್ಯ. ಆದರೆ ಮುಂದಿನ ಚರ್ಚೆ ಬಿಡಿಸಿಯೇ ನೋಡಿತು.

೧೮೭೬ರ ಜನವರಿಯಲ್ಲಿ, ಉಳಿದ ದಕ್ಷಿಣದ ನಾಯಕರಿಗೂ ರಾಜಕೀಯ ಹಕ್ಕುಗಳನ್ನು ಮರಳಿಸುವ ಮಸೂದೆ ಪ್ರತಿನಿಧಿ ಸಭೆಗೆ ಬಂದಿತು. ಡೇವಿಸನೊಬ್ಬನನ್ನು ಅದರಿಂದ ಹೊರಗಿಡಬೇಕೆಂದು ಮೇನ್ ರಾಜ್ಯದ ಜೇಮ್ಸ್ ಬ್ಲೇನ್ ಪಟ್ಟು ಹಿಡಿದನು. ದೇಶದ್ರೋಹಕ್ಕಾಗಿ ಅಲ್ಲ, ಆಂಡರ್ಸನ್‌ವಿಲ್ಲಿಗಾಗಿ ಎಂದು ಅವನು ಸ್ಪಷ್ಟಪಡಿಸಿದ್ದು ಗಮನಾರ್ಹ. ಹನ್ನೊಂದು ವರ್ಷಗಳ ಮೇಲೆ ಯುದ್ಧಾಪರಾಧದ ಪ್ರಶ್ನೆ ದ್ರೋಹದ ಪ್ರಶ್ನೆಯಿಂದ ಬೇರ್ಪಟ್ಟಿತು. ಚುನಾವಣೆಯ ವರ್ಷದಲ್ಲಿ ಅದು ಮತದ ಲೆಕ್ಕವೂ ಆಗಿತ್ತೆಂಬುದನ್ನು ಮರೆಯಲಾಗದು. ಜಾರ್ಜಿಯದ ಬೆಂಜಮಿನ್ ಹಿಲ್ ಮರುದಿನ ಉತ್ತರಿಸುತ್ತ, ಉತ್ತರದ ಸೆರೆಮನೆಗಳಲ್ಲಿ ಸತ್ತ ದಕ್ಷಿಣದವರ ಲೆಕ್ಕವನ್ನು ಮುಂದಿಟ್ಟನು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಸುಮಾರು ಹನ್ನೆರಡು ಸಾವಿರ ಕೈದಿಗಳಲ್ಲಿ ಮೂರು ಸಾವಿರದಷ್ಟು ಮಂದಿ ಸತ್ತಿದ್ದರು. ಅದರ ಅಧಿಕಾರಿಗಳನ್ನು ಯಾವ ಪೀಠವೂ ಕರೆಯಲಿಲ್ಲ. ಮಸೂದೆ ಬಿದ್ದುಹೋಯಿತು. ದಕ್ಷಿಣದ ಇತಿಹಾಸ ಸಂಘ ಅದೇ ವರ್ಷ ತನ್ನ ಪತ್ರಿಕೆಯಲ್ಲಿ ಕೈದಿಗಳ ವಿಷಯಕ್ಕೇ ಮೀಸಲಾದ ದೀರ್ಘ ಸಮರ್ಥನೆಯನ್ನು ಅಚ್ಚು ಹಾಕಿತು. ೧೯೦೯ರಲ್ಲಿ ಆಂಡರ್ಸನ್‌ವಿಲ್ ಊರಿನಲ್ಲಿ ದಕ್ಷಿಣದ ಮಹಿಳಾ ಸಂಘದವರು ವಿರ್ಟ್ಸನಿಗೆ ಸ್ಮಾರಕಸ್ತಂಭವನ್ನು ನಿಲ್ಲಿಸಿದರು. ಡೇವಿಸನ ಪೌರತ್ವವನ್ನು ಸಂಸತ್ತು ೧೯೭೮ರಲ್ಲಿ, ಅವನು ಸತ್ತು ಎಂಬತ್ತೊಂಬತ್ತು ವರ್ಷಗಳ ಮೇಲೆ, ಮರಳಿಸಿತು.

ಬ್ಲೇನ್ ಎಣಿಸಿದ ಸಾವುಗಳು, ಹಿಲ್ ಎಣಿಸಿದ ಸಾವುಗಳು ಎರಡಕ್ಕೂ ಪಟ್ಟಿಗಳಿದ್ದವು. ಅಟ್‌ವಾಟರನ ಪಟ್ಟಿಯನ್ನು ಹಿಡಿದುಕೊಂಡು ಕ್ಲಾರಾ ಬಾರ್ಟನ್ ಮೊದಲಾದವರು ೧೮೬೫ರ ಬೇಸಗೆಯಲ್ಲಿ ಆಂಡರ್ಸನ್‌ವಿಲ್ಲಿನ ಗೋರಿಗಳಿಗೆ ಒಂದೊಂದಾಗಿ ಹೆಸರು ಬರೆಸಿದ್ದರು; ಗುರುತು ಸಿಗದೆ ಉಳಿದವು ೪೬೦ರಷ್ಟು ಮಾತ್ರ. ಫೋರ್ಟ್ ಪಿಲ್ಲೊದ ದಿಬ್ಬದಲ್ಲಿ ಹೂತಿದ್ದವರ ಅವಶೇಷಗಳನ್ನು ೧೮೬೭ರಲ್ಲಿ ಅಗೆದು ಮೆಂಫಿಸಿನ ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರ ಗೋರಿಕಲ್ಲಿನ ಮೇಲೆ ಇರುವುದು ಒಂದು ಸಂಖ್ಯೆ.