ಶಿವಸಮುದ್ರದ ವಿದ್ಯುತ್ತು: ಸಂಶಯವನ್ನು ಗೆದ್ದ ಬಗೆ

ಘಟಪ್ರಭೆಯ ತೀರದ ಮುಧೋಳದವರಿಗೂ, ಕೃಷ್ಣೆಯ ನೆರೆಯ ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಯವರಿಗೂ ನೀರಿನ ಬಲವೆಂಬುದು ಅಪರಿಚಿತವಾದ ಸಂಗತಿಯಲ್ಲ. ಗೋಕಾಕದ ಜಲಪಾತದ ಮಗ್ಗುಲಲ್ಲಿ ನೂಲಿನ ಗಿರಣಿಯು 1887ರಷ್ಟು ಹಿಂದೆಯೇ ಆ ಧಾರೆಯ ಬಲದಿಂದ ನಡೆಯತೊಡಗಿತು. ಆದರೆ ಅಲ್ಲಿ ಗಿರಣಿಯೇ ನೀರಿನ ಬಳಿಗೆ ಹೋಗಬೇಕಾಯಿತು. ನೀರಿನ ಬಲವೇ ನೂರು ಮೈಲಿ ನಡೆದು ಕೆಲಸಗಾರನ ಬಾಗಿಲಿಗೆ ಬರಬಹುದೇ ಎಂಬುದು ಆ ಶತಮಾನದ ಕೊನೆಯಲ್ಲಿ ವಿದ್ವಾಂಸರನ್ನೇ ಎರಡು ಪಕ್ಷ ಮಾಡಿದ ಪ್ರಶ್ನೆ. ಆ ವಿವಾದ ಇನ್ನೂ ಪೂರ್ತಿಯಾಗಿ ಅಡಗುವ ಮೊದಲೇ ಮೈಸೂರು ಸಂಸ್ಥಾನವು ಅದರಲ್ಲಿ ಬೊಕ್ಕಸದ ಹಣವನ್ನು ತೊಡಗಿಸಿತು. ಆ ವೃತ್ತಾಂತವು ವಿಚಾರಾರ್ಹವಾದುದು.

ವಿವಾದದ ತಿರುಳು ಇಷ್ಟು. ಅಮೇರಿಕೆಯಲ್ಲಿ ಎಡಿಸನ್ನನು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತೇ ಕ್ಷೇಮಕರವೆಂದು ಸಾರಿದನು. ವೆಸ್ಟಿಂಗ್‌ಹೌಸನ ಪಕ್ಷದವರು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪರ್ಯಾಯ ಪ್ರವಾಹವನ್ನು ಎತ್ತಿ ಹಿಡಿದರು. ಲಾರ್ಡ್ ಕೆಲ್ವಿನ್ನನಂತಹ ಮಹಾಪಂಡಿತನೂ ಮೊದಲು ಈ ಎರಡನೆಯ ಪಕ್ಷವನ್ನು ಒಪ್ಪಲಿಲ್ಲ. ಆದರೆ ಪರ್ಯಾಯ ಪ್ರವಾಹಕ್ಕೆ ಒಂದು ಗುಣವುಂಟು. ಅದರ ಒತ್ತಡವನ್ನು ಸುಲಭವಾಗಿ ಏರಿಸಬಹುದು, ಇಳಿಸಬಹುದು. ಅದೇ ಶಕ್ತಿಯನ್ನು ಹತ್ತು ಪಟ್ಟು ಒತ್ತಡದಲ್ಲಿ ಕಳುಹಿಸಿದರೆ ಪ್ರವಾಹವು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದೇ ತಂತಿಯಲ್ಲಿ ಕಾವಾಗಿ ಕಳೆದುಹೋಗುವ ಶಕ್ತಿಯು ನೂರರಲ್ಲೊಂದು ಪಾಲಾಗುತ್ತದೆ. ದೂರಪ್ರಯಾಣದ ರಹಸ್ಯವೆಲ್ಲ ಇದರಲ್ಲಿಯೇ ಇದೆ.

ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂದು ಪ್ರಮಾಣಗಳನ್ನು ಎಣಿಸಿದ್ದಾರೆ. ಇಲ್ಲಿ ಪ್ರತ್ಯಕ್ಷವು ದೊರೆತುದು 1891ರಲ್ಲಿ, ಜರ್ಮನಿಯ ಲಾಫೆನ್ನಿನಿಂದ ಫ್ರಾಂಕ್‌ಫರ್ಟಿಗೆ ನೂರು ಮೈಲಿಗೂ ಮಿಕ್ಕ ದೂರ ವಿದ್ಯುತ್ತನ್ನು ಸಾಗಿಸಿ ತೋರಿಸಿದಾಗ. ಆದರೆ ಅದು ಪ್ರದರ್ಶನಕ್ಕಾಗಿ ನಡೆದುದು. ನಯಾಗರಾದಿಂದ ಬಫಲೋ ನಗರಕ್ಕೆ 1896ರಲ್ಲಿ ವ್ಯಾಪಾರಕ್ಕಾಗಿ ಶಕ್ತಿ ಹರಿದುದು ಇಪ್ಪತ್ತಾರು ಮೈಲಿ ಮಾತ್ರ. ಕಾವೇರಿಯ ಶಿವಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೋ 92 ಮೈಲಿ! ಇಷ್ಟು ದೂರ ವರ್ಷವೆಲ್ಲ ಬಿಡುವಿಲ್ಲದೆ ಶಕ್ತಿಯನ್ನು ಮಾರಬಹುದೆಂಬುದು ಅನುಮಾನಪ್ರಮಾಣದ ಮಾತಾಗಿತ್ತು.

ದಿವಾನ್ ಕೆ. ಶೇಷಾದ್ರಿ ಅಯ್ಯರರು ಈ ಅನುಮಾನವನ್ನು ಕುರುಡಾಗಿ ನಂಬಲಿಲ್ಲ. ಸಂಸ್ಥಾನದ ಇಂಜಿನಿಯರರಲ್ಲೊಬ್ಬರಾದ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯರರು 1899ರಲ್ಲಿ ಯೂರೋಪು, ಅಮೇರಿಕೆಗಳಿಗೆ ಹೋಗಿ ಅಲ್ಲಿಯ ಯಂತ್ರಗಳನ್ನು ಕಣ್ಣಾರೆ ಕಂಡು ಬಂದರು. ವಿದ್ಯುದ್ಯಂತ್ರಗಳು ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದವು.

ಹಣದ ವಿಷಯದಲ್ಲಿಯೂ ದಿವಾನರ ಜಾಣ್ಮೆ ಗಮನಾರ್ಹವಾದುದು. ಗಣಿಗಳ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉರುವಲಿನ ವೆಚ್ಚವು ಗಣಿಯವರಿಗೆ ಭಾರವಾಗಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಆ ಗಣಿಗಳೊಡನೆ ಸುಮಾರು 4,000 ಅಶ್ವಶಕ್ತಿಯನ್ನು ಕೊಡುವ ಕರಾರು ಮೊದಲೇ ಆಯಿತು. ವಸ್ತುವು ಹುಟ್ಟುವ ಮೊದಲೇ ಗಿರಾಕಿಯು ನಿಶ್ಚಯವಾದನೆಂದ ಮೇಲೆ ಬೊಕ್ಕಸದ ಭಯವು ಅರ್ಧಕ್ಕರ್ಧ ಕಡಿಮೆಯಾಯಿತು.

ರಾಜಕಾರಣದ ತೊಡಕೂ ಇಲ್ಲದಿರಲಿಲ್ಲ. ಚಾಮರಾಜ ಒಡೆಯರು 1894ರಲ್ಲಿ ದಿವಂಗತರಾದ ಬಳಿಕ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ವಹಿಸಿದ್ದರು. ನದಿಯ ಆಚೆಯ ಕೊಳ್ಳೇಗಾಲವು ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದಿತು. ಕಾವೇರಿಯ ನೀರಿನ ಬಗೆಗೆ ಎರಡೂ ಸರಕಾರಗಳ ನಡುವೆ 1892ರಲ್ಲಷ್ಟೇ ಒಪ್ಪಂದವಾಗಿದ್ದಿತು. ಆದರೆ ಈ ಕಾರ್ಯದಲ್ಲಿ ಚಕ್ರವನ್ನು ತಿರುಗಿಸಿದ ನೀರು ಮತ್ತೆ ನದಿಗೇ ಸೇರುವುದು. ಕೆಳಗಿನ ರೈತನಿಗೆ ಒಂದು ಬೊಗಸೆಯೂ ಕಡಿಮೆಯಾಗದು. ಯೋಜನೆಯ ಪರವಾಗಿ ಇದಕ್ಕಿಂತ ಬಲವಾದ ವಾದವು ಬೇರೆ ಯಾವುದಿದ್ದೀತು?

ಕಡೆಗೆ 1902ನೆಯ ಇಸವಿ ಜೂನ್ 30ರಂದು ಮೂವತ್ತು ಸಾವಿರ ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡದಲ್ಲಿ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ಅದನ್ನು ಕಾಣುವ ಭಾಗ್ಯ ಶೇಷಾದ್ರಿ ಅಯ್ಯರರಿಗೆ ಇರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು.

ಗೆಲುವು ಮತ್ತೊಂದು ಪರೀಕ್ಷೆಯನ್ನು ತಂದಿತು. ಬೇಸಗೆಯಲ್ಲಿ ಹೊಳೆ ಸೊರಗಿದರೆ ಚಕ್ರವೂ ಸೊರಗುವುದು. ಗಣಿಗಳ ಬೇಡಿಕೆಯಾದರೋ ಏರುತ್ತಲೇ ಇದ್ದಿತು. ಆದಕಾರಣ ನೀರನ್ನು ಕೂಡಿಡಲು ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ಮುಖ್ಯ ಇಂಜಿನಿಯರರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಸೂಚಿಸಿದರು. ಇಷ್ಟು ಹಣಕ್ಕೆ ತಕ್ಕ ಫಲ ಬಂದೀತೇ ಎಂದು ಹಣಕಾಸಿನವರು ಶಂಕಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ 81 ಲಕ್ಷ ರೂಪಾಯಿಗಳ ವೆಚ್ಚಕ್ಕೆ ಅನುಮತಿಯಿತ್ತರು. ಈ ಅಣೆಯು ನೀರನ್ನು ತಡೆದು ನಿಲ್ಲಿಸುವಂಥದಾದುದರಿಂದ ಮದ್ರಾಸಿನೊಡನೆ ವ್ಯಾಜ್ಯವು ಬೆಳೆದು 1924ರ ಒಪ್ಪಂದದವರೆಗೆ ಮುಂದುವರಿಯಿತು. ಹರಿವ ನೀರಿಗೂ ನಿಂತ ನೀರಿಗೂ ರಾಜಕಾರಣದಲ್ಲಿರುವ ಅಂತರವು ಇದರಿಂದ ವೇದ್ಯವಾಗುತ್ತದೆ.

ಆದರೂ ಒಂದು ಮಾತನ್ನು ಮರೆಮಾಚುವುದು ನ್ಯಾಯವಲ್ಲ. ವಿದ್ಯುತ್ತು ಮೊದಲು ಸೇರಿದುದು ಪರದೇಶದವರ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ತಂತಿಯ ಕೆಳಗೇ ಇದ್ದ ಹಳ್ಳಿಗಳವರು ಕತ್ತಲೆಯಲ್ಲಿಯೇ ಬಹುಕಾಲ ಕಳೆದರು. ಹಣ ಕೊಡಬಲ್ಲವನನ್ನು ಮೊದಲು ಹುಡುಕಿದ ಜಾಣ್ಮೆಗೆ ತೆತ್ತ ಬೆಲೆಯಿದು. ಆ ಗಣಿಗಳೂ 2001ರಲ್ಲಿ ಮುಚ್ಚಿದವು; ಶಿವಸಮುದ್ರದ ಧಾರೆ ಮಾತ್ರ ಉಳಿದಿದೆ.

ರಬಕವಿ-ಬನಹಟ್ಟಿಯ ಮಗ್ಗಗಳು ಇಂದು ವಿದ್ಯುತ್ತಿನಿಂದ ಓಡುತ್ತಿವೆ. ಒಂದು ಘಳಿಗೆ ಅದು ನಿಂತರೆ ನೇಕಾರನ ಕೂಲಿಯೂ ನಿಲ್ಲುತ್ತದೆ. ಶಕ್ತಿಯ ಹೊಸ ಹೊಸ ವಿದ್ಯೆಗಳು ಇಂದಿಗೂ ಸರಕಾರದ ಬಾಗಿಲಿಗೆ ಬಂದು ಹಣ ಬೇಡುತ್ತಲೇ ಇವೆ. ಅವನ್ನು ಹಳಿಯುವ ಮೊದಲೂ ಹೊಗಳುವ ಮೊದಲೂ ಕಣ್ಣಾರೆ ಕಂಡವರು ಯಾರು, ಕೊಳ್ಳುವವರು ಯಾರು, ಕೆಳಗಿನವನ ಪಾಲಿಗೆ ಕೊರತೆ ಬಂದೀತೇ ಎಂದು ಕೇಳುವುದು ವಿಹಿತ. ಬೆಳಕು ಬಡವನ ಮನೆಗೆ ಎಂದು ಬಂದೀತು ಎಂಬುದನ್ನೂ ಅವುಗಳ ಜೊತೆಗೆ ಕೇಳಬೇಕು. 1902ರಲ್ಲಿ ಆ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ.